ನಾಲ್ಕು ಮೆಟಲ್ ಆಲ್ಬಂಗಳು: ಕ್ರೈಸ್ತ ಕೇಳುಗರಿಗೆ ಯಾವುದು ಕೇಡು, ಯಾವುದು ಬರೀ ಸದ್ದು

ಹೆವಿ ಮೆಟಲ್ (ಗಿಟಾರಿನ ಅಬ್ಬರವೇ ಮುಖ್ಯವಾದ ರಾಕ್ ಸಂಗೀತ) ಕೇಳಿದರೆ ಆತ್ಮಿಕ ಜೀವನ ಕೆಡುತ್ತದೆಯೇ ಎಂದು ವಿಚಾರಿಸಿದರೆ ಸಭೆಗಳಲ್ಲಿ ಸಿಗುವುದು ಎರಡೇ ಉತ್ತರ. 'ಅದು ಸೈತಾನನ ಸಂಗೀತ, ಅತ್ತ ತಲೆ ಹಾಕಬೇಡಿ' ಅನ್ನುವುದು ಒಂದು. 'ಕ್ರಿಶ್ಚಿಯನ್ ಬ್ಯಾಂಡ್ ಆದರೆ ಚಿಂತೆಯಿಲ್ಲ' ಅನ್ನುವುದು ಇನ್ನೊಂದು. ಎರಡೂ ಕವರ್ ನೋಡಿ ಹೇಳಿದ ಮಾತೇ ಹೊರತು ಹಾಡು ಕೇಳಿ ಹೇಳಿದ್ದಲ್ಲ. ಹಾಗಾಗಿ ಇಲ್ಲಿ ನಾಲ್ಕು ಆಲ್ಬಂಗಳನ್ನು ಸಾಹಿತ್ಯದ ಹಾಳೆ ಮುಂದಿಟ್ಟುಕೊಂಡು ನೋಡಲಾಗಿದೆ: ಬ್ಲ್ಯಾಕ್ ಸಬ್ಬತ್‌ನ 'ಮಾಸ್ಟರ್ ಆಫ್ ರಿಯಾಲಿಟಿ' (1971), ಸ್ಟ್ರೈಪರ್‌ನ 'ಟು ಹೆಲ್ ವಿತ್ ದ ಡೆವಿಲ್' (1986), ಸ್ಲೇಯರ್‌ನ 'ರೇನ್ ಇನ್ ಬ್ಲಡ್' (1986), ಹೋರ್ಡ್‌ನ 'ಹೆಲ್ಲಿಗ್ ಉಸ್ವಾರ್ಟ್' (1994). ಎರಡಕ್ಕೆ ಕ್ರೈಸ್ತ ಎಂಬ ಹಣೆಪಟ್ಟಿ ಇದೆ, ಎರಡಕ್ಕಿಲ್ಲ. ಅಳತೆಗೋಲು ಒಂದೇ. ಹಾಡಿನಲ್ಲಿ ಮಾತಾಡುತ್ತಿರುವವನು ಯಾರು, ಯಾರನ್ನು ಉದ್ದೇಶಿಸಿ ಮಾತಾಡುತ್ತಿದ್ದಾನೆ, ನಾವೂ ದನಿಗೂಡಿಸಿದರೆ ಯಾವುದಕ್ಕೆ ಆಮೆನ್ ಅಂದಂತಾಗುತ್ತದೆ.

ಮೊದಲು ಸದ್ದಿನ ವಿಷಯ ಮುಗಿಸೋಣ, ಏಕೆಂದರೆ ಭಯ ಶುರುವಾಗುವುದೇ ಅಲ್ಲಿಂದ. ಗಿಟಾರಿನ ಸಿಗ್ನಲ್ಲನ್ನು ಆಂಪ್ಲಿಫೈಯರ್ ತಾಳಲಾರದಷ್ಟು ಏರಿಸಿದಾಗ ಅಲೆಯ ನೆತ್ತಿ ಕತ್ತರಿಸಿ ಚಪ್ಪಟೆಯಾಗುತ್ತದೆ. ಮೂಲ ಸ್ವರದಲ್ಲಿ ಅಷ್ಟಾಗಿ ಕೇಳದಿದ್ದ ಮೇಲಿನ ಸ್ವರಾಂಶಗಳು ಆಗ ಎದ್ದು ಬರುತ್ತವೆ. ಅದೇ ಡಿಸ್ಟಾರ್ಷನ್. ಇದರ ಜೊತೆ ಗಾಂಧಾರ ಸೇರಿಸಿದರೆ ಎಲ್ಲವೂ ಕಲಸಿಹೋಗುವುದರಿಂದ ಮೆಟಲ್ ಗಿಟಾರಿಸ್ಟರು ಬರೀ ಷಡ್ಜ ಪಂಚಮಗಳನ್ನು ಹಿಡಿಯುತ್ತಾರೆ. ಪವರ್ ಕಾರ್ಡ್ ಅಂದರೆ ಅಷ್ಟೇ, ತಂಬೂರಿಯ ಸ-ಪ.

ಇನ್ನು 'ಸೈತಾನನ ಸ್ವರಾಂತರ'. 1970ರ ಮೊದಲ ಬ್ಲ್ಯಾಕ್ ಸಬ್ಬತ್ ಆಲ್ಬಂನ ಮೊದಲ ಹಾಡು ನಿಂತಿರುವುದು ಇದರ ಮೇಲೆ: ಷಡ್ಜದಿಂದ ಪ್ರತಿಮಧ್ಯಮಕ್ಕೆ ಇರುವ ದೂರ, ಆರು ಅರ್ಧಸ್ವರ. ಮಧ್ಯಯುಗದ ಚರ್ಚು ಇದನ್ನು ನಿಷೇಧಿಸಿತ್ತು ಎಂಬ ಕಥೆ ಪುಸ್ತಕದಿಂದ ಪುಸ್ತಕಕ್ಕೆ ಹಾರಿದೆ, ಆದರೆ ಅಂಥ ಆಜ್ಞೆಗೆ ಆಧಾರವಿಲ್ಲ. ಆ ಹೆಸರು ಬಳಕೆಯಲ್ಲಿ ಕಾಣುವುದು 18ನೇ ಶತಮಾನದ ಸಂಗೀತಶಾಸ್ತ್ರದ ಬರಹಗಳಲ್ಲಿ, ಅದೂ ಕೂಡಿ ಹಾಡುವಾಗ ಶ್ರುತಿ ನಿಲ್ಲಿಸುವುದು ಕಷ್ಟ ಎಂಬ ಅರ್ಥದಲ್ಲಿ. ಪ್ರತಿಮಧ್ಯಮದಲ್ಲಿ ಸೈತಾನ ಕೂತಿದ್ದರೆ ಕಲ್ಯಾಣಿ ರಾಗವನ್ನೂ ಬಿಡಬೇಕಾಗುತ್ತದೆ.

ಆ ಗಾಢ, ತಗ್ಗು ದನಿಯ ಮೂಲ ಇನ್ನೂ ಸಪ್ಪೆ. ಗಿಟಾರಿಸ್ಟ್ ಟೋನಿ ಐಯೋಮಿ 17ನೇ ವಯಸ್ಸಿನಲ್ಲಿ ಬರ್ಮಿಂಗ್‌ಹ್ಯಾಮಿನ ಲೋಹದ ಹಾಳೆಯ ಕಾರ್ಖಾನೆಯಲ್ಲಿ ಬಲಗೈಯ ಎರಡು ಬೆರಳುಗಳ ತುದಿ ಕಳೆದುಕೊಂಡರು. ಅವರು ಎಡಗೈ ವಾದಕ, ಅಂದರೆ ತಂತಿ ಒತ್ತಬೇಕಾದ್ದು ಅದೇ ಬಲಗೈ. ಬೆರಳಿಗೆ ಟೊಪ್ಪಿ ಹಾಕಿಕೊಂಡು, ತೆಳು ತಂತಿ ಕಟ್ಟಿದರು. 'ಮಾಸ್ಟರ್ ಆಫ್ ರಿಯಾಲಿಟಿ' ಹೊತ್ತಿಗೆ ಕೆಲವು ಹಾಡುಗಳಲ್ಲಿ ಶ್ರುತಿಯನ್ನು ಮೂರು ಅರ್ಧಸ್ವರ ಕೆಳಗಿಳಿಸಿದರು. ತಂತಿ ಸಡಿಲವಾದಷ್ಟೂ ಒತ್ತಲು ಸುಲಭ. ಹಿಂದೆ ಮಂತ್ರವಿಲ್ಲ, ಒಂದು ಕೈಗಾರಿಕಾ ಅಪಘಾತವಿದೆ.

ಮೆಟಲ್ ಕೇಳಿದರೆ ಕೋಪ ಹೆಚ್ಚುತ್ತದೆ ಎಂಬ ಆಕ್ಷೇಪಕ್ಕೂ ಒಂದು ಮಾತು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 39 ಮಂದಿ ಮೆಟಲ್ ಕೇಳುಗರಿಗೆ ಮೊದಲು ಸಿಟ್ಟು ಬರಿಸಿ, ಆಮೇಲೆ ಅರ್ಧದಷ್ಟು ಜನರಿಗೆ ಅವರಿಷ್ಟದ ಹಾಡು ಕೇಳಿಸಿದರು, ಉಳಿದವರನ್ನು ಮೌನವಾಗಿ ಕೂರಿಸಿದರು. ಹಾಡು ಕೇಳಿದವರ ಸಿಟ್ಟು ಏರಲಿಲ್ಲ. ಆದರೆ ಇವರೆಲ್ಲ ಮೊದಲೇ ಈ ಸಂಗೀತ ಮೆಚ್ಚಿದವರು, ಹಾಡನ್ನೂ ತಾವೇ ಆರಿಸಿಕೊಂಡವರು. ಅಲ್ಲದೆ ಮನಸ್ಸು ಶಾಂತವಾಯಿತು ಎಂದ ಮಾತ್ರಕ್ಕೆ ಆತ್ಮಕ್ಕೆ ಒಳ್ಳೆಯದಾಯಿತು ಎಂದಾಗುವುದಿಲ್ಲ. ಸೌಲನಿಗೆ ದಾವೀದನ ಕಿನ್ನರಿ ಉಪಶಮನ ಕೊಟ್ಟಿತು (1 ಸಮುವೇಲ 16:23), ಅದೇ ಸೌಲ ಮುಂದೆ ಅದೇ ದಾವೀದನ ಮೇಲೆ ಈಟಿ ಎಸೆದ.

ಇನ್ನು ಆಲ್ಬಂಗಳು.

'ಮಾಸ್ಟರ್ ಆಫ್ ರಿಯಾಲಿಟಿ' ಸುಮಾರು 34 ನಿಮಿಷದ್ದು, ಎಂಟು ಟ್ರ್ಯಾಕ್, ಅದರಲ್ಲಿ ಎರಡು ಪುಟ್ಟ ವಾದ್ಯಗೀತೆಗಳು. ಬ್ಯಾಂಡಿನ ಹೆಸರು ನೋಡಿಯೇ ದೂರ ಇಡುವವರು ಹೆಚ್ಚು. ಮೊದಲ ಆಲ್ಬಂನ ಒಳಕವರಿನಲ್ಲಿ ತಲೆಕೆಳಗಾದ ಶಿಲುಬೆ ಇತ್ತು ಎಂಬುದು ಅವರ ಸಾಕ್ಷ್ಯ. ಅದನ್ನು ಹಾಕಿದ್ದು ರೆಕಾರ್ಡ್ ಕಂಪನಿಯವರು, ಬ್ಯಾಂಡನ್ನು ಕೇಳದೆ. (ತಲೆಕೆಳಗಾದ ಶಿಲುಬೆ ಪೇತ್ರನ ಚಿಹ್ನೆಯಾಗಿ ಹಳೆಯ ಚರ್ಚುಗಳಲ್ಲೂ ಇದೆ, ಅದು ಬೇರೆ ಮಾತು.) ಸಾಹಿತ್ಯ ಬಹುಪಾಲು ಬೇಸ್ ವಾದಕ ಗೀಜರ್ ಬಟ್ಲರ್ ಅವರದು. ಕಥೋಲಿಕ ಮನೆಯಲ್ಲಿ ಬೆಳೆದವರು, ಅದು ಸಾಲು ಸಾಲಿನಲ್ಲೂ ಕಾಣುತ್ತದೆ.

ಎರಡನೇ ಹಾಡು 'ಆಫ್ಟರ್ ಫಾರೆವರ್' ಕೇಳುಗನನ್ನು ನೇರವಾಗಿ ತರಾಟೆಗೆ ತೆಗೆದುಕೊಳ್ಳುತ್ತದೆ. ನಿನ್ನ ಆತ್ಮದ ಬಗ್ಗೆ ಎಂದಾದರೂ ಯೋಚಿಸಿದ್ದೀಯಾ, ದೇವರು ನಿನ್ನ ತಲೆಯೊಳಗಿನ ಕಲ್ಪನೆ ಮಾತ್ರವೇ, ನಂಬಿದ್ದೇನೆ ಎಂದರೆ ಗೆಳೆಯರು ನಗುತ್ತಾರೆಂದು ಹೆದರುತ್ತೀಯಾ ಎಂದೆಲ್ಲ ಕೇಳಿ, ಕೊನೆಗೆ ದೇವರೊಬ್ಬನೇ ಪ್ರೀತಿಗೆ ದಾರಿ ಎಂದು ನಿಲ್ಲುತ್ತದೆ. ನಡುವೆ ಪೋಪರನ್ನು ನೇಣಿಗೇರಿಸುವ ಮಾತೊಂದು ಬರುತ್ತದೆ. ಆ ಒಂದೇ ಸಾಲನ್ನು ಕಿತ್ತುಕೊಂಡು ಇದನ್ನು ದೇವದೂಷಣೆ ಎಂದವರಿದ್ದಾರೆ, ಹಾಡಿನಲ್ಲಿ ಅದು ನಂಬದವನಿಗೆ ಹಾಕುವ ಪ್ರಶ್ನೆ. ಭಾನುವಾರದ ಪ್ರಸಂಗದಲ್ಲೂ ಇಷ್ಟು ಮುಖಕ್ಕೆ ಮುಖ ಕೊಟ್ಟು ಕೇಳುವುದು ಅಪರೂಪ.

'ಲಾರ್ಡ್ ಆಫ್ ದಿಸ್ ವರ್ಲ್ಡ್'ನಲ್ಲಿ ಮಾತಾಡುವವನು ಸೈತಾನ. ಶೀರ್ಷಿಕೆ ಓದಿದವರು ಇಲ್ಲೇ ಬೆಚ್ಚುತ್ತಾರೆ. ಆದರೆ ಅವನು ಹೇಳುವುದೇನು? ನನ್ನನ್ನು ಒಡೆಯನನ್ನಾಗಿ ಮಾಡಿಕೊಂಡವನು ನೀನೇ, ನಿನ್ನ ಆತ್ಮ ಹೋದದ್ದೂ ನಿನಗೆ ಗೊತ್ತಾಗಲಿಲ್ಲ ಎಂದು ಹಂಗಿಸುತ್ತಾನೆ. ಯೋಹಾನ 12:31ರ 'ಇಹಲೋಕಾಧಿಪತಿ'ಯ ಬಾಯಲ್ಲಿ ಹೇಳಿಸಿದ ಎಚ್ಚರಿಕೆ ಇದು. ಆಮೆನ್ ಅನ್ನಬೇಕಾದ್ದು ಅವನಿಗಲ್ಲ, ಅವನು ಹೊರಿಸುವ ಆರೋಪಕ್ಕೆ.

ಹಾಗಾದರೆ ಆಲ್ಬಂ ಪೂರ್ತಿ ಸುರಕ್ಷಿತವೇ? ಇಲ್ಲ. ಕೇಡು ಇರುವುದು ಯಾರೂ ಹುಡುಕದ ಜಾಗದಲ್ಲಿ, ಕೆಮ್ಮಿನಿಂದ ಶುರುವಾಗುವ ಮೊದಲ ಹಾಡು 'ಸ್ವೀಟ್ ಲೀಫ್'ನಲ್ಲಿ. ಅದು ಗಾಂಜಾಕ್ಕೆ ಬರೆದ ಪ್ರೇಮಗೀತೆ. ಗಾಂಜಾವನ್ನೇ 'ನೀನು' ಎಂದು ಕರೆದು, ನನಗೆ ಬದುಕು ತೋರಿಸಿದವಳು ನೀನೇ, ನಿನ್ನನ್ನೇ ಪ್ರೀತಿಸುತ್ತೇನೆ ಎಂದು ಹಾಡುತ್ತಾನೆ. ಸ್ತೋತ್ರಗೀತೆಯ ಅಚ್ಚು ಅದೇ, ಒಳಗಿನ ದೇವರು ಮಾತ್ರ ಬೇರೆ. ಸೈತಾನನ ಹೆಸರಿಗಾಗಿ ಆಲ್ಬಂ ಜಾಲಾಡುವ ಪೋಷಕರು ಈ ಹಾಡನ್ನು ದಾಟಿಯೇ ಹೋಗುತ್ತಾರೆ. ಮೊದಲ ಟ್ರ್ಯಾಕ್ ಬಿಟ್ಟು ಕೇಳಿ. ಉಳಿದ ಆಲ್ಬಂ ಈ ನಾಲ್ಕರಲ್ಲಿ ಅತಿ ಹೆಚ್ಚು ಯೋಚನೆಗೆ ಹಚ್ಚುವಂಥದ್ದು.

'ಟು ಹೆಲ್ ವಿತ್ ದ ಡೆವಿಲ್' ಇದರ ತದ್ವಿರುದ್ಧ. ಕ್ಯಾಲಿಫೋರ್ನಿಯಾದ ಸ್ಟ್ರೈಪರ್ ಹಳದಿ-ಕಪ್ಪು ಪಟ್ಟೆ ಬಟ್ಟೆ ತೊಟ್ಟು, ಯೆಶಾಯ 53:5ನ್ನು ಲೋಗೋದಲ್ಲೇ ಬರೆದುಕೊಂಡು, ವೇದಿಕೆಯಿಂದ ಹೊಸ ಒಡಂಬಡಿಕೆಗಳನ್ನು ಜನರತ್ತ ಎಸೆಯುತ್ತಿದ್ದ ಬ್ಯಾಂಡ್. ಈ ಆಲ್ಬಂ ಅಮೆರಿಕದಲ್ಲಿ ಪ್ಲಾಟಿನಂ ಆಯಿತು, ಅಂದರೆ ಹತ್ತು ಲಕ್ಷ ಪ್ರತಿ ದಾಟಿತು. ದೇವದೂತರು ಸೈತಾನನನ್ನು ಕೂಪಕ್ಕೆ ದಬ್ಬುವ ಮೂಲ ಕವರಿಗೆ ಗಲಾಟೆಯಾಗಿ, ಬದಲಿಗೆ ಕಪ್ಪು ಕವರ್ ಬಂತು. ಸೈತಾನನ ವಿರುದ್ಧದ ಚಿತ್ರವೂ ನಡೆಯಲಿಲ್ಲ ಅಂದರೆ ಕವರ್ ನೋಡಿ ತೀರ್ಪು ಕೊಡುವ ಚಟ ಎಷ್ಟು ಗಟ್ಟಿ ನೋಡಿ.

ಸಂಗೀತ ಅಚ್ಚುಕಟ್ಟು. ಎರಡು ಗಿಟಾರ್ ಜೋಡಿಯಾಗಿ ಸಾಗುವ ಮಟ್ಟುಗಳು, ಮೈಕೆಲ್ ಸ್ವೀಟ್ ಅವರ ತಾರಸ್ಥಾಯಿ, ದನಿಗೂಡಿಸಲು ಸಲೀಸಾದ ಪಲ್ಲವಿಗಳು. ಕೊನೆಯ ಹಾಡು 'ಮೋರ್ ದ್ಯಾನ್ ಎ ಮ್ಯಾನ್' ಮುಚ್ಚುಮರೆಯಿಲ್ಲದ ಸುವಾರ್ತೆ. ತೊಂದರೆ ಇರುವುದು ಜನಪ್ರಿಯವಾದ ನಿಧಾನಗತಿಯ ಹಾಡುಗಳಲ್ಲಿ. 'ಆನೆಸ್ಟ್ಲಿ', 'ಆಲ್ ಆಫ್ ಮಿ' ಇವುಗಳಲ್ಲಿ 'ನೀನು' ದೇವರೋ ಹುಡುಗಿಯೋ ಬಿಡಿಸಿ ಹೇಳುವಂತಿಲ್ಲ. ಮದುವೆಯ ಹಾಡಾಗಿ ಒಳ್ಳೆಯದೇ, ಅದರಲ್ಲಿ ಕೇಡಿಲ್ಲ. ಆದರೆ ಕ್ರಿಶ್ಚಿಯನ್ ಎಂಬ ಪಟ್ಟಿ ನೋಡಿ ಕೊಂಡವರು ಇದನ್ನೇ ಆರಾಧನೆ ಎಂದುಕೊಂಡರೆ ಅದು ಬಿಸ್ಕತ್ತು ತಿಂದು ಊಟವಾಯಿತು ಎಂದಂತೆ. ಹದಿಮೂರು ಹದಿನಾಲ್ಕರ ಮಕ್ಕಳಿಗೆ ಮೆಟಲ್ ಪರಿಚಯಿಸಲು ಈ ನಾಲ್ಕರಲ್ಲಿ ಕೈಗೆ ಕೊಡಬಹುದಾದದ್ದು ಇದೊಂದೇ.

'ರೇನ್ ಇನ್ ಬ್ಲಡ್' 29 ನಿಮಿಷದ್ದು, ಹತ್ತು ಹಾಡು, ಉಸಿರು ಬಿಡಲು ಪುರುಸೊತ್ತಿಲ್ಲ. ಕಲೆಗಾರಿಕೆಯ ಲೆಕ್ಕದಲ್ಲಿ ಈ ಪ್ರಕಾರದ ಶಿಖರಗಳಲ್ಲೊಂದು. ಅದನ್ನು ಒಪ್ಪಿಕೊಂಡೇ ಮುಂದಿನ ಮಾತು. ಮೊದಲ ಹಾಡು 'ಏಂಜೆಲ್ ಆಫ್ ಡೆತ್' ಆಶ್ವಿಟ್ಸ್‌ನ ನಾಜಿ ವೈದ್ಯ ಜೋಸೆಫ್ ಮೆಂಗೆಲೆಯ ಕೃತ್ಯಗಳನ್ನು ಒಂದೊಂದಾಗಿ ಹೇಳುತ್ತದೆ. ಹೇಳಿದ್ದು ನಡೆದದ್ದೇ. ಆದರೆ ಹಾಡು ಎಲ್ಲೂ ಇದು ತಪ್ಪು ಅನ್ನುವುದಿಲ್ಲ, ಸತ್ತವರ ಪರವಾಗಿ ಒಂದು ಸಾಲೂ ಇಲ್ಲ. ಕೊಲಂಬಿಯಾ ಸಂಸ್ಥೆ ಆಲ್ಬಂ ವಿತರಿಸಲು ಒಪ್ಪಲಿಲ್ಲ, ಗೆಫೆನ್ ಮೂಲಕ ಹೊರಬಂತು. ಸತ್ಯವೂ ಮಾನ್ಯವೂ ಶುದ್ಧವೂ ಆದವುಗಳನ್ನೇ ಲಕ್ಷ್ಯಕ್ಕೆ ತಂದುಕೊಳ್ಳಿ ಎಂದು ಪಟ್ಟಿ ಕೊಡುವ ಫಿಲಿಪ್ಪಿಯವರಿಗೆ 4:8 ಉದ್ಧರಿಸಿ ಕತ್ತಲಿನ ಹಾಡನ್ನೆಲ್ಲ ತಳ್ಳಿಹಾಕುವವರ ಜೊತೆ ನಮಗೆ ಸಹಮತವಿಲ್ಲ. ಆ ಪಟ್ಟಿಯಲ್ಲಿ ಮೊದಲು ಬರುವುದೇ ಸತ್ಯ, 88ನೇ ಕೀರ್ತನೆ ಮುಗಿಯುವುದೂ ಕತ್ತಲಲ್ಲೇ. ವ್ಯತ್ಯಾಸ ಇಷ್ಟು: ಕೀರ್ತನೆಗಾರ ಕತ್ತಲಲ್ಲಿ ಕೂತು ದೇವರನ್ನು ಕೂಗುತ್ತಾನೆ. ಇಲ್ಲಿ ಕೂಗುವವನೇ ಇಲ್ಲ, ಬರೀ ನೋಡುವ ಕಣ್ಣಿದೆ.

'ಜೀಸಸ್ ಸೇವ್ಸ್' ಶಿಲುಬೆಗೆ ಮುತ್ತಿಟ್ಟರೆ ರಕ್ಷಣೆ ಸಿಕ್ಕಿತು ಎಂದುಕೊಂಡ ಚರ್ಚಿನವನನ್ನು ಗೇಲಿ ಮಾಡುತ್ತದೆ. ಪ್ರವಾದಿ ಆಮೋಸನೂ ಬೂಟಾಟಿಕೆಯ ಹಬ್ಬಗಳನ್ನು ಬೈದ, ಆದರೆ ಜನ ತಿರುಗಿ ಬರಲಿ ಎಂದು ಬೈದ. ಇಲ್ಲಿ ಗೇಲಿ ಗೇಲಿಗಾಗಿಯೇ. ಗಾಯಕ ಟಾಮ್ ಅರಾಯಾ ಕಥೋಲಿಕರು, ಇವು ಬರೀ ಹಾಡು ಎಂಬುದು ಅವರ ನಿಲುವು. ಹಾಡುವವನ ನಂಬಿಕೆ ಹಾಡಿನ ಮಾತನ್ನು ತೊಳೆಯುವುದಿಲ್ಲ. ಒಮ್ಮೆ ಕೇಳಿದರೆ ಪ್ರೌಢ ವಿಶ್ವಾಸಿಗೆ ಏನೂ ಆಗದು. ಕೆಡುವುದು ಪುನರಾವರ್ತನೆಯಿಂದ. ಜಿಮ್‌ನಲ್ಲಿ ದಿನಾ ಅರ್ಧ ಗಂಟೆಗೆ ಸರಿಹೊಂದುವ ಉದ್ದ, ಹುರುಪು ತುಂಬುವ ವೇಗ. ತಿಂಗಳೊಳಗೆ ಅರ್ಥ ಗಮನಿಸದೆಯೇ ಸಾಲುಗಳು ನಾಲಿಗೆಗೆ ಹತ್ತುತ್ತವೆ, ಹಿಂಸೆಯ ಪಟ್ಟಿ ತಾಳವಾಗಿ ಉಳಿಯುತ್ತದೆ. ದಿನಚರಿಗೆ ಸೇರಿಸಿಕೊಳ್ಳಬೇಡಿ ಎಂಬುದೇ ನಮ್ಮ ಸಲಹೆ.

'ಹೆಲ್ಲಿಗ್ ಉಸ್ವಾರ್ಟ್' ಅರ್ಥವಾಗಬೇಕಾದರೆ ನಾರ್ವೆಗೆ ಹೋಗಬೇಕು. 1992ರ ಜೂನ್ 6ರಂದು ಬರ್ಗೆನ್ ಬಳಿಯ ಫಾಂಟೋಫ್ಟ್ ಮರದ ಚರ್ಚು ಸುಟ್ಟುಹೋಯಿತು, ಅದರ ಹಿಂದೆಯೇ ಇನ್ನಷ್ಟು ಚರ್ಚುಗಳಿಗೆ ಬೆಂಕಿ ಬಿತ್ತು. ಬ್ಲ್ಯಾಕ್ ಮೆಟಲ್ (ಮೆಟಲ್‌ನ ಸೈತಾನವಾದಿ ಕವಲು) ಬಳಗದ ವರ್ಗ್ ವಿಕರ್ನೆಸ್‌ಗೆ 1994ರಲ್ಲಿ ಕೊಲೆ ಹಾಗೂ ಚರ್ಚುಗಳಿಗೆ ಬೆಂಕಿ ಹಚ್ಚಿದ ಅಪರಾಧಕ್ಕಾಗಿ 21 ವರ್ಷ ಶಿಕ್ಷೆಯಾಯಿತು. ಮೆಟಲ್ ಅಂದರೆ ಬರೀ ನಾಟಕ ಎಂದು ತಳ್ಳಿಹಾಕುವವರು ಈ ಪುಟವನ್ನು ಓದಬೇಕು. ಇಲ್ಲಿ ಮಾತು ಕೃತಿಯಾಗಿತ್ತು. ಇಂಥ ಬಳಗದವರ ಆಲ್ಬಂ ಕೊಂಡರೆ ಹಣ ಯಾರ ಕೈ ಸೇರುತ್ತದೆ ಎಂಬುದೂ ಆತ್ಮಿಕ ಪ್ರಶ್ನೆಯೇ.

ಅದೇ 1994ರಲ್ಲಿ ಜರ್ಮನಿಯ ರೆಕಾರ್ಡ್ ಕಂಪನಿ ನ್ಯೂಕ್ಲಿಯರ್ ಬ್ಲಾಸ್ಟ್ ಈ ಆಲ್ಬಂ ಹೊರತಂದಿತು. ಕಲಾವಿದನ ಹೆಸರಿನ ಜಾಗದಲ್ಲಿ 'ಅನಾನಿಮಸ್' ಎಂದಷ್ಟೇ ಇತ್ತು. ಆಸ್ಟ್ರೇಲಿಯಾದ ಡ್ರಮ್ಮರ್ ಜೇಸನ್ ಶೆರ್ಲಾಕ್ ಒಬ್ಬರೇ ಎಲ್ಲ ವಾದ್ಯ ನುಡಿಸಿ, ತಾವೇ ಕಿರುಚಿದ್ದರು. ಚುರುಗುಟ್ಟುವ ತೆಳು ಗಿಟಾರ್, ಬಿಡುವಿಲ್ಲದ ಬ್ಲಾಸ್ಟ್ ಬೀಟ್ (ಅತಿವೇಗದ ಡ್ರಮ್ ಬಡಿತ), ಗಂಟಲು ಹರಿಯುವ ಕೂಗು. ಕಣ್ಣು ಮುಚ್ಚಿ ಕೇಳಿದರೆ ನಾರ್ವೆಯ ಸೈತಾನವಾದಿ ಆಲ್ಬಂ ಯಾವುದು, ಇದು ಯಾವುದು ಎಂದು ಹೇಳಲಾಗದು. ಸಾಹಿತ್ಯದ ಹಾಳೆ ತೆರೆದರೆ ಕ್ರಿಸ್ತನನ್ನು ಬೇಡುವ ಪ್ರಾರ್ಥನೆಗಳಿವೆ. ಒಂದು ಹಾಡಿನ ಹೆಸರೇ 'ಇನ್ವರ್ಟ್ ದ ಇನ್ವರ್ಟೆಡ್ ಕ್ರಾಸ್', ತಲೆಕೆಳಗಾದ ಶಿಲುಬೆಯನ್ನು ಮತ್ತೆ ನೆಟ್ಟಗೆ ನಿಲ್ಲಿಸುವುದು. ಸದ್ದಿನಲ್ಲೇ ದುರಾತ್ಮವಿದೆ ಎಂಬ ವಾದಕ್ಕೆ ಇದಕ್ಕಿಂತ ಗಟ್ಟಿ ಉತ್ತರ ಬೇಕಿಲ್ಲ.

ಮೆಚ್ಚುಗೆಯ ಜೊತೆ ಒಂದು ತಕರಾರೂ ಇದೆ. ಈ ಆಲ್ಬಂನಲ್ಲಿ ಸೈತಾನನಿಗೆ ಸಿಕ್ಕಿರುವ ಗಮನ ಅತಿಯಾಯಿತು. ಬೈಗುಳವೇ ಆದರೂ ಹಾಡಿನ ನಡುಮನೆಯಲ್ಲಿ ಕೂತವನು ಅವನೇ. ಯೂದನ ಪತ್ರಿಕೆಯ 9ನೇ ವಚನದಲ್ಲಿ ಪ್ರಧಾನ ದೂತನಾದ ಮೀಕಾಯೇಲನು ಕೂಡ ಸೈತಾನನನ್ನು ದೂಷಿಸಲು ಹೋಗದೆ, ಗದರಿಸುವ ಕೆಲಸವನ್ನು ಕರ್ತನಿಗೇ ಬಿಡುತ್ತಾನೆ. ಕ್ರೈಸ್ತ ಮೆಟಲ್ ಈ ವಚನವನ್ನು ಓದಿದಂತೆ ಕಾಣುವುದಿಲ್ಲ, ಸ್ಟ್ರೈಪರ್‌ನ ಶೀರ್ಷಿಕೆಗೂ ಇದೇ ಮಾತು. ಶತ್ರುವಿನ ಮೇಲಿನ ರೋಷ ಭಕ್ತಿಯ ವೇಷ ಹಾಕಿಕೊಂಡಾಗ ಗುರುತು ಹಿಡಿಯುವುದು ಕಷ್ಟ. ಸಾಹಿತ್ಯ ಓದದೆ ಇದನ್ನು ಕೇಳುವುದು ವ್ಯರ್ಥ, ಒಂದು ಪದವೂ ಕಿವಿಗೆ ಬೀಳದು. ಈ ಪ್ರಕಾರದಲ್ಲಿ ಪಳಗಿದವರಿಗೆ ಮಾತ್ರ.

ಕ್ರಿಶ್ಚಿಯನ್ ಎಂಬ ಪಟ್ಟಿ ಮಾರುಕಟ್ಟೆಯ ವಿಭಾಗ, ಅದೇನು ಸಭೆಯ ಮೊಹರಲ್ಲ. ಕ್ರೈಸ್ತ ಥ್ರ್ಯಾಶ್‌ನ (ಮೆಟಲ್‌ನ ಅತಿವೇಗದ ಕವಲು) ಮೊದಲಿಗರಲ್ಲೊಂದಾದ ವೆಂಜೆನ್ಸ್ ರೈಸಿಂಗ್‌ನ ಗಾಯಕ ಮುಂದೆ ನಂಬಿಕೆ ಬಿಟ್ಟು ಅದರ ವಿರೋಧಿಯೇ ಆದರು. ಅತ್ತ, ಪಟ್ಟಿಯಿಲ್ಲದ ಐರನ್ ಮೇಡನ್‌ನ ಡ್ರಮ್ಮರ್ ನಿಕೋ ಮೆಕ್‌ಬ್ರೇನ್ 1999ರಲ್ಲಿ ಕ್ರಿಸ್ತನನ್ನು ನಂಬಿದರು, ಬ್ಯಾಂಡಿನಲ್ಲೇ ಉಳಿದರು. ಸ್ಟ್ರೀಮಿಂಗ್ ಆ್ಯಪ್‌ಗಳ 'ಎಕ್ಸ್‌ಪ್ಲಿಸಿಟ್' ಗುರುತನ್ನೂ ನೆಚ್ಚಬೇಡಿ. ಅದು ಬೈಗುಳ, ಲೈಂಗಿಕತೆ, ಹಿಂಸೆ, ಮಾದಕವಸ್ತುಗಳಿಗಾಗಿ ಇರುವಂಥದ್ದು. ದೇವದೂಷಣೆ ಅದರ ಲೆಕ್ಕಕ್ಕೇ ಬರುವುದಿಲ್ಲ. ಆಲ್ಬಂ ಮುಗಿದ ಮೇಲೆ ತಾನಾಗಿಯೇ ಮುಂದಿನ ಹಾಡು ಶುರುವಾಗುವ ಆಟೋಪ್ಲೇಯನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿ. ಆ್ಯಪ್ ಹೊಂದಿಸುವುದು ಸದ್ದಿಗೆ ಸದ್ದನ್ನು, ಹೋರ್ಡ್ ಮುಗಿದರೆ ಅದು ತಂದಿಡುವುದು ಚರ್ಚು ಸುಟ್ಟವರ ಬಳಗವನ್ನೇ ಇರಬಹುದು.

ಹಾಡನ್ನು ಹಿಂದುಮುಂದಾಗಿ ನುಡಿಸಿ ಗುಪ್ತ ಸಂದೇಶ ಹುಡುಕುವುದು ಹೊತ್ತುಗಳೆಯುವ ಕೆಲಸ. ಮೆಟಲ್ ಬ್ಯಾಂಡ್ ಜೂಡಸ್ ಪ್ರೀಸ್ಟ್ ಮೇಲೆ ಇಂಥದೇ ಮೊಕದ್ದಮೆ ನೆವಾಡಾದ ರೀನೋದಲ್ಲಿ ನಡೆದು 1990ರಲ್ಲಿ ಬಿದ್ದುಹೋಯಿತು. ಇಂಥ ಮಾತಿದೆ ಎಂದು ಮೊದಲೇ ಹೇಳಿ ಕೇಳಿಸಿದರೆ ಅಸ್ಪಷ್ಟ ಸದ್ದಿನಲ್ಲಿ ಅದೇ ಕೇಳುತ್ತದೆ, ಹೇಳದಿದ್ದರೆ ಕೇಳುವುದಿಲ್ಲ. ನೆಟ್ಟಗೆ ನುಡಿಸಿದಾಗ ಕೇಳುವ ಮಾತೇ ಬೇಕಾದಷ್ಟಿದೆ.

ಇಷ್ಟಾದರೂ ಕೆಲವರು ಇಡೀ ಪ್ರಕಾರವನ್ನೇ ಬಿಡುವುದು ಲೇಸು. ಮಾಟಮಂತ್ರ, ಪ್ರೇತಸಂಪರ್ಕ ಇಂಥವುಗಳಿಂದ ಹೊರಬಂದವರಿಗೆ ಆ ಪದಗಳು ಬರೀ ಅಲಂಕಾರವಾಗಿ ಕೇಳುವುದಿಲ್ಲ. 1 ಕೊರಿಂಥ 8ರಲ್ಲಿ ಪೌಲ ವಿಗ್ರಹಕ್ಕೆ ಅರ್ಪಿಸಿದ್ದನ್ನು ತಿನ್ನುವ ಬಗ್ಗೆ ಹೇಳುವುದು ಇವರನ್ನು ಕುರಿತೇ: ಪದಾರ್ಥದಲ್ಲಿ ಏನೂ ಇಲ್ಲ, ಆದರೆ ಹಳೆಯ ಬಳಕೆಯ ನೆನಪು ಇನ್ನೂ ಹಸಿಯಾಗಿರುವವನ ಮನಸ್ಸಾಕ್ಷಿ ಕೆಡುತ್ತದೆ. ಮೆಗಾಡೆತ್‌ನ ಡೇವ್ ಮಸ್ಟೇನ್ ಕ್ರೈಸ್ತರಾದ ಮೇಲೆ ಮಾಟದ ಸಾಲುಗಳಿದ್ದ ತಮ್ಮದೇ 'ದ ಕಾಂಜ್ಯೂರಿಂಗ್' ಹಾಡನ್ನು ವೇದಿಕೆಯಲ್ಲಿ ವರ್ಷಗಟ್ಟಲೆ ಹಾಡಲಿಲ್ಲ, 2018ರಲ್ಲಿ ಮತ್ತೆ ಹಾಡಿದರು. ಬಿಟ್ಟದ್ದೂ ತಿರುಗಿ ಎತ್ತಿಕೊಂಡದ್ದೂ ಅವರವರ ಮನಸ್ಸಾಕ್ಷಿಗೆ ಬಿಟ್ಟ ಮಾತು, ಆದರೆ ಪಕ್ಕದಲ್ಲಿ ಕೂತವರ ಮನಸ್ಸಾಕ್ಷಿಯೂ ಲೆಕ್ಕಕ್ಕುಂಟು. ಯುವಜನ ಕೂಟದ ಸ್ಪೀಕರಿನಲ್ಲಿ ಹಾಕುವುದು ಬೇರೆ, ಹೆಡ್‌ಫೋನಿನಲ್ಲಿ ಕೇಳುವುದು ಬೇರೆ. ಹೆಡ್‌ಫೋನಿನ ಮಾತು ಬಂದದ್ದರಿಂದ: 85 ಡೆಸಿಬೆಲ್‌ನಲ್ಲಿ ಎಂಟು ಗಂಟೆ ಕೇಳಬಹುದಾದರೆ 100 ಡೆಸಿಬೆಲ್‌ನಲ್ಲಿ ಹದಿನೈದೇ ನಿಮಿಷ. ಕಿವಿಯೊಳಗಿನ ರೋಮಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಮಗ ಅಥವಾ ಮಗಳು ಮೆಟಲ್ ಹಚ್ಚಿಕೊಂಡಿದ್ದರೆ ಪೋಸ್ಟರ್ ಕಿತ್ತುಹಾಕುವ ಬದಲು ಒಂದು ಸಂಜೆ ತೆಗೆದಿಡಿ. 'ಲಾರ್ಡ್ ಆಫ್ ದಿಸ್ ವರ್ಲ್ಡ್' ಸಾಹಿತ್ಯವನ್ನು ಹಾಡು ಹಾಕದೆ ಮೊದಲು ಓದಿಸಿ, ಮಾತಾಡುತ್ತಿರುವವನು ಯಾರು ಎಂದು ಕೇಳಿ, ಉತ್ತರ ಬಂದ ಮೇಲೆ ಯೋಹಾನ 12:31 ತೆಗೆಯಿರಿ. ಆಮೇಲೆ 'ಸ್ವೀಟ್ ಲೀಫ್' ಹಾಳೆ ಮುಂದಿಟ್ಟು ಅದೇ ಪ್ರಶ್ನೆ ಕೇಳಿ. ಹಾಡು ಹಾಕುವುದು ಕೊನೆಗೆ, ಇಬ್ಬರಿಗೂ ಕೇಳುವಷ್ಟು ಸದ್ದಿನಲ್ಲಿ.